ಹಳ್ಳದ ನೀರಿಗೆ ಹಳ್ಳದ್ದೇ ಅಳತೆ

ಪಿ.ಎಚ್. ಕಾಗದವನ್ನು ನೀರಿನಲ್ಲಿ ಅದ್ದಿ ಬಣ್ಣ ನೋಡಿದ ಯಾವ ಪ್ರೌಢಶಾಲಾ ವಿದ್ಯಾರ್ಥಿಯನ್ನೇ ಕೇಳಿ, ಒಳ್ಳೆಯ ನೀರಿನ ಪಿ.ಎಚ್. ಏಳರ ಆಸುಪಾಸು ಇರಬೇಕು ಎಂಬ ಉತ್ತರ ಥಟ್ಟನೆ ಬರುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಸಿಗುತ್ತದೆ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲೂ ಮೀನು ಮತ್ತು ವನ್ಯಜೀವಿಗಳ ಬಾಳುವೆಗೆ ತಕ್ಕ ನೀರು ಎಂದರೆ ಪಿ.ಎಚ್. 6.5ರಿಂದ 8.5ರ ನಡುವಿನದು. ಹಿಮಾಲಯದ ತೊರೆಗೂ ಅದೇ ಅಂಕಿ, ಕಾವೇರಿಯ ಮುಖಜ ಭೂಮಿಗೂ ಅದೇ ಅಂಕಿ.

ಆದರೆ ಒಂದು ಹಳ್ಳವಿದೆ. ಅದರ ನೀರು ತಿಳಿಯಾದದ್ದು, ಮೀನುಗಳು ಯಥೇಚ್ಛ, ದಡದ ಜನ ಅದನ್ನೇ ನಂಬಿ ಬಾಳಿದವರು. ಅಲ್ಲಿ ಪಿ.ಎಚ್. ಏಳೂವರೆ ಬಂತೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಆ ಹಳ್ಳಕ್ಕೆಂದು ವಿಜ್ಞಾನಿಗಳು ಹಾಕಿದ್ದ ಗಡಿ 5.0ರಿಂದ 6.9. ಅದರ ಸಹಜ ಸ್ಥಿತಿಯೇ ಆರರ ತುಸು ಮೇಲೆ. ನಮ್ಮ ಪಟ್ಟಿ ಹಿಡಿದು ಅಳೆದರೆ, ಯಾರೂ ಕೆಡಿಸದ ಆ ಹಳ್ಳ ಅನುತ್ತೀರ್ಣ. ಯಾರೋ ಸುಣ್ಣ ಸುರಿದು ಕೆಡಿಸಿದರೆ ಆಗ ಉತ್ತೀರ್ಣ!

ಹಳ್ಳದ ಹೆಸರು ಮಗೇಲಾ. ಆಸ್ಟ್ರೇಲಿಯದ ಉತ್ತರ ತುದಿಯಲ್ಲಿ, ಡಾರ್ವಿನ್ ನಗರದಿಂದ ಪೂರ್ವಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿ ಹರಿಯುತ್ತದೆ. ಅಲ್ಲಿನ ಹವೆ ನಮಗೆ ತೀರ ಅಪರಿಚಿತವೇನಲ್ಲ. ವರ್ಷಕ್ಕೆ ಸುಮಾರು ಒಂದೂವರೆ ಸಾವಿರ ಮಿಲಿಮೀಟರ್ ಮಳೆ. ಅಷ್ಟೂ ನವೆಂಬರಿನಿಂದ ಏಪ್ರಿಲ್ ಒಳಗೆ ಸುರಿದು ಹೋಗುತ್ತದೆ. ಉಳಿದ ತಿಂಗಳು ಬಿಸಿಲು, ಒಣ ಹುಲ್ಲು, ಕಾಡುಕಿಚ್ಚು. ಮಳೆಗಾಲದಲ್ಲಿ ಬಯಲೆಲ್ಲ ತುಂಬಿ ಹರಿಯುವ ಮಗೇಲಾ ಬೇಸಗೆಗೆ ಕಡಿದು ಮಡುಗಳ ಸರಮಾಲೆಯಾಗುತ್ತದೆ. ಆ ಮಡುಗಳಲ್ಲಿ ಮೀನು, ಆಮೆ, ಬಾತು, ತಾವರೆ, ಮೊಸಳೆ. ಮಗೇಲಾ ಸೇರುವ ನದಿಗೆ ಈಸ್ಟ್ ಆಲಿಗೇಟರ್ ಎಂದು ಹೆಸರು. ಆ ಸೀಮೆಯಲ್ಲಿ ಆಲಿಗೇಟರ್ ಒಂದೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕರಾವಳಿಯ ನಕ್ಷೆ ಬರೆಯಲು ಬಂದ ಇಂಗ್ಲಿಷ್ ನಾವಿಕ ಫಿಲಿಪ್ ಪಾರ್ಕರ್ ಕಿಂಗ್ ಮೊಸಳೆಗಳನ್ನು ಕಂಡು ತಪ್ಪು ತಿಳಿದು ಇಟ್ಟ ಹೆಸರು. ಹೊರಗಿನಿಂದ ಬಂದವರು ತಮ್ಮ ಪುಸ್ತಕದಲ್ಲಿದ್ದ ಹೆಸರನ್ನೇ ಅಂಟಿಸಿ ಹೋಗುವುದು ಪ್ರಾಣಿಗಳ ವಿಷಯಕ್ಕಷ್ಟೇ ಸೀಮಿತವಲ್ಲ.

ಈ ನಾಡು ಮಿರಾರ್ ಎಂಬ ಮೂಲನಿವಾಸಿಗಳದು. 1969ರಲ್ಲಿ ವಿಮಾನದಿಂದ ವಿಕಿರಣ ಅಳೆಯುತ್ತ ಹಾರಿದವರಿಗೆ ಮಗೇಲಾ ದಡದ ಹತ್ತಿರ ಯುರೇನಿಯಂ ಅದಿರಿನ ಸುಳಿವು ಸಿಕ್ಕಿತು. ಆ ನಿಕ್ಷೇಪಕ್ಕೆ ರೇಂಜರ್ ಎಂದು ಹೆಸರಾಯಿತು. ಅಗೆಯಬೇಕೆ, ಬಿಡಬೇಕೆ ಎಂದು ದೇಶವಿಡೀ ಚರ್ಚೆ ಎದ್ದು, ನ್ಯಾಯಮೂರ್ತಿ ರಸೆಲ್ ಫಾಕ್ಸ್ ಅವರ ಅಧ್ಯಕ್ಷತೆಯ ವಿಚಾರಣಾ ಆಯೋಗ 1976 ಮತ್ತು 1977ರಲ್ಲಿ ಎರಡು ವರದಿಗಳನ್ನು ಕೊಟ್ಟಿತು. ಮಿರಾರ್ ಜನ ಗಣಿಗೆ ಒಪ್ಪಿಲ್ಲ ಎಂಬುದನ್ನು ಆಯೋಗ ಮರೆಮಾಚಲಿಲ್ಲ. ಆದರೆ ಆ ವಿರೋಧವೇ ಗೆಲ್ಲುವುದಕ್ಕೆ ಬಿಡಬಾರದೆಂದೂ ಅದೇ ವರದಿ ಹೇಳಿತು. ಮೂಲನಿವಾಸಿಗಳಿಗೆ ತಮ್ಮ ನೆಲದ ಗಣಿಗಾರಿಕೆ ತಡೆಯುವ ಹಕ್ಕು ಕೊಟ್ಟ 1976ರ ಕಾಯಿದೆಯೇ ರೇಂಜರನ್ನು ಆ ಹಕ್ಕಿನಿಂದ ಹೊರಗಿಟ್ಟಿತು. 1978ರಲ್ಲಿ ಒಪ್ಪಂದವಾಯಿತು. 1981ರಲ್ಲಿ ಉತ್ಪಾದನೆ ಶುರುವಾಯಿತು. ಸುತ್ತಲಿನ ಕಾಡು ಮತ್ತು ಜೌಗು ಕಾಕಡು ರಾಷ್ಟ್ರೀಯ ಉದ್ಯಾನವಾಗಿ ಅದೇ ವರ್ಷ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಉದ್ಯಾನದ ನಕ್ಷೆಯಲ್ಲಿ ಗಣಿಯಿರುವ ಜಾಗಕ್ಕೆ ಮಾತ್ರ ಕತ್ತರಿ ಬಿದ್ದಿತ್ತು. ಹರಿಯುವ ನೀರಿಗೆ ಆ ಕತ್ತರಿ ಗೊತ್ತಾಗಬೇಕಲ್ಲ.

ಫಾಕ್ಸ್ ವಿಚಾರಣೆಯ ನಂತರ ಸರಕಾರ ಮಾಡಿದ ಒಂದು ಕೆಲಸ ಮಾತ್ರ ಮೆಚ್ಚುವಂಥದು. 1978ರಲ್ಲಿ ‘ಸೂಪರ್‌ವೈಸಿಂಗ್ ಸೈಂಟಿಸ್ಟ್’ ಎಂಬ ಹುದ್ದೆಯನ್ನೂ ಅದರ ಕೈಕೆಳಗೆ ಒಂದು ಸಂಶೋಧನಾ ಸಂಸ್ಥೆಯನ್ನೂ ಕಾನೂನಿನಿಂದಲೇ ಸ್ಥಾಪಿಸಿತು. ಗಣಿ ನಡೆಸುವವರು ಬೇರೆ, ಹಳ್ಳವನ್ನು ಕಾಯುವ ವಿಜ್ಞಾನಿಗಳು ಬೇರೆ. ಈ ಕಥೆಯ ಮುಂದಿನ ಭಾಗವೆಲ್ಲ ಆ ಸಂಸ್ಥೆಯ ಕೆಲಸದ ಕಥೆ.

ಗಣಿಯ ನೀರು ಎಂದರೇನು? ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅದಿರನ್ನು ಪುಡಿಮಾಡಿ ಬೇಕಾದ್ದನ್ನು ತೆಗೆದ ಮೇಲೆ ಉಳಿಯುವ ನುಣ್ಣನೆಯ ರಾಡಿ ಒಂದು ಕಡೆ. ಅದಿರನ್ನು ತಲುಪುವ ಮುಂಚೆ ಕಿತ್ತು ಹಾಕಿದ ಬಂಡೆಗಳ ಗುಡ್ಡ ಇನ್ನೊಂದು ಕಡೆ. ಕೋಟ್ಯಂತರ ವರ್ಷ ನೆಲದೊಳಗೆ ಗಾಳಿ ತಾಗದೆ ಇದ್ದ ಬಂಡೆ ಈಗ ಹೊರಗೆ ಬಿದ್ದಿದೆ. ಮಳೆ ಬೀಳುತ್ತದೆ, ಗಾಳಿಯ ಆಮ್ಲಜನಕ ಒಳಹೋಗುತ್ತದೆ, ಬಂಡೆಯೊಳಗಿನ ಗಂಧಕದ ಖನಿಜಗಳು ಉತ್ಕರ್ಷಣೆಗೊಂಡು ಸಲ್ಫೇಟ್ ಆಗುತ್ತವೆ. ಆ ನೀರು ದಾರಿಯಲ್ಲಿ ಸಿಕ್ಕ ಲೋಹಗಳನ್ನೆಲ್ಲ ಕರಗಿಸಿಕೊಂಡು ಇಳಿಜಾರು ಹಿಡಿಯುತ್ತದೆ. ರೇಂಜರಿನಲ್ಲಿ ಇಳಿಜಾರು ಎಂದರೆ ಮಗೇಲಾ.

ಹಾಗಾದರೆ ಹಳ್ಳಕ್ಕೆ ಎಷ್ಟು ಯುರೇನಿಯಂ ಸೇರಿದರೆ ಅಪಾಯ? ಸೊನ್ನೆ ಇರಬೇಕು ಎನ್ನುವುದು ಸುಲಭದ ಉತ್ತರ, ಆದರೆ ಅದು ಉತ್ತರವಲ್ಲ. ಯುರೇನಿಯಂ ಇರುವ ಸೀಮೆಯ ನೀರಿನಲ್ಲಿ ಗಣಿಗೆ ಮುಂಚೆಯೂ ಸ್ವಲ್ಪ ಇದ್ದೇ ಇರುತ್ತದೆ. ಮಗೇಲಾದಲ್ಲಿ ಅದು ಲೀಟರಿಗೆ 0.1 ಮೈಕ್ರೋಗ್ರಾಮಿಗಿಂತ ಕಡಿಮೆ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಪುಸ್ತಕದ ಪಟ್ಟಿ ನೋಡೋಣವೆಂದರೆ, ಆಗಲೇ ಕಂಡಂತೆ ಪಟ್ಟಿಗೆ ಮಗೇಲಾ ಗೊತ್ತಿಲ್ಲ. ಪಟ್ಟಿಯ ಅಂಕಿಗಳೆಲ್ಲ ಎಲ್ಲೋ ತಂಪು ದೇಶದ ಮೀನು, ಅಲ್ಲಿನ ನೀರು, ಅಲ್ಲಿನ ಪ್ರಯೋಗಾಲಯದಿಂದ ಹುಟ್ಟಿದವು. ಅದರಿಂದ ಏನು ಕೆಡುತ್ತದೆ ಎಂದು ತಿಳಿಯಬೇಕಾದರೆ ಗಡಸು ನೀರು, ಮೆದು ನೀರಿನ ಪಾಠವನ್ನು ನೆನಪಿಸಿಕೊಳ್ಳಬೇಕು. ಕೋಲಾರದ ಕಡೆ ಕೊಳವೆ ಬಾವಿಯ ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿ ಚೆಕ್ಕೆ ಕಟ್ಟುತ್ತದೆ. ಸೋಪು ನೊರೆ ಬರುವುದಿಲ್ಲವೆಂದು ಮನೆಯವರು ಗೊಣಗುತ್ತಾರೆ. ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಮಲೆನಾಡಿನ ತೊರೆಯ ನೀರಿನಲ್ಲಿ ಆ ತೊಂದರೆಯಿಲ್ಲ, ಕೈಗೆ ಹಚ್ಚಿದ ಸೋಪು ತೊಳೆದರೂ ಹೋಗದು. ಮಗೇಲಾದ ನೀರು ಮೆದು ನೀರಿನಲ್ಲೂ ಮೆದು. ಲೀಟರಿಗೆ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಇಲ್ಲ. ವಿದ್ಯುತ್ ವಾಹಕತೆಯಲ್ಲಿ ಅದು ಮಳೆ ನೀರಿನ ನೆಂಟ.

ಮನುಷ್ಯನಿಗೆ ಗಡಸು ನೀರು ಕಿರಿಕಿರಿ. ಮೀನಿಗೆ ಮಾತ್ರ ಅದು ಎಷ್ಟೋ ಲೋಹಗಳ ವಿರುದ್ಧ ರಕ್ಷಾಕವಚ. ಮೀನಿನ ಕಿವಿರನ್ನು ಒಂದು ಬಸ್ಸು ಎಂದುಕೊಳ್ಳಿ. ಅದರ ಪೊರೆಯ ಮೇಲೆ ಲೋಹದ ಅಯಾನುಗಳು ಹತ್ತಿ ಕೂರಬಲ್ಲ ಸೀಟುಗಳಿವೆ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಮೊದಲೇ ಟವೆಲ್ ಹಾಕಿ ಸೀಟು ಹಿಡಿದಿರುತ್ತದೆ, ತಡವಾಗಿ ಬಂದ ವಿಷದ ಲೋಹ ಕೆಳಗೇ ಉಳಿಯುತ್ತದೆ. ಕ್ಯಾಲ್ಸಿಯಂ ಇಲ್ಲದ ಮೆದು ನೀರಿನಲ್ಲಿ ಬಸ್ಸು ಖಾಲಿ, ಬಂದವರಿಗೆಲ್ಲ ಸೀಟು. ಎಲ್ಲ ಲೋಹಗಳಿಗೂ ಎಲ್ಲ ಜೀವಿಗಳಿಗೂ ಈ ಹೋಲಿಕೆ ಅಕ್ಷರಶಃ ಹೊಂದುವುದಿಲ್ಲ. ಆದರೂ ಒಂದೇ ಪ್ರಮಾಣದ ಲೋಹ ಒಂದು ನೀರಿನಲ್ಲಿ ಸಾಧುವಾಗಿಯೂ ಇನ್ನೊಂದರಲ್ಲಿ ಕೊಲೆಗಾರನಾಗಿಯೂ ಇರಬಲ್ಲದು ಎಂಬುದಕ್ಕೆ ಇಷ್ಟು ಸಾಕು.

ಆದ್ದರಿಂದ ವಿಜ್ಞಾನಿಗಳು ಪಟ್ಟಿಯನ್ನು ಪಕ್ಕಕ್ಕಿಟ್ಟು ಮಗೇಲಾದ ನಿವಾಸಿಗಳನ್ನೇ ಕೇಳಲು ಹೊರಟರು. ನಿವಾಸಿಗಳೆಂದರೆ ಇಲ್ಲಿ ಹಳ್ಳದ ಸಣ್ಣಪುಟ್ಟ ಜೀವಿಗಳು. ಕೆಲಸ ಹೇಳಿದಷ್ಟು ಸುಲಭವಲ್ಲ. ಯಾವ ಜೀವಿ ಪ್ರಯೋಗಾಲಯದಲ್ಲಿ ಬದುಕುತ್ತದೆ, ಏನು ತಿನ್ನುತ್ತದೆ, ಎಷ್ಟು ದಿನಕ್ಕೆ ಮರಿ ಹಾಕುತ್ತದೆ ಎಂಬುದನ್ನು ಮೊದಲಿನಿಂದ ಕಲಿಯಬೇಕಾಯಿತು. ವರ್ಷಗಳು ಕಳೆದಂತೆ ಆರು ಜೀವಿಗಳ ಒಂದು ತಂಡ ಸಿದ್ಧವಾಯಿತು. ಕಣ್ಣಿಗೆ ಕಾಣದ ಕ್ಲೋರೆಲ್ಲಾ ಎಂಬ ಹಸಿರು ಪಾಚಿ. ನೀರಿನ ಮೇಲೆ ಸಾಸಿವೆಯಷ್ಟು ಎಲೆ ಹರಡಿ ತೇಲುವ ಲೆಮ್ನಾ. ಚುಕ್ಕಿಯಷ್ಟಿದ್ದು ಕುಪ್ಪಳಿಸುತ್ತ ಈಜುವ ನೀರ್ಚಿಗಟ. ನೀರಿನ ಒಂದು ಬಸವನಹುಳು. ಮೈಮೇಲೆ ನೇರಳೆ ಚುಕ್ಕಿಗಳಿರುವ ಗಜನ್ ಎಂಬ ಪುಟ್ಟ ಮೀನು. ಆರನೆಯದು ಜೀವಶಾಸ್ತ್ರ ಓದಿದವರಿಗೆಲ್ಲ ಹಳೆಯ ಪರಿಚಯದ ಹೈಡ್ರಾ. ಇದು ಹಸಿರು ಹೈಡ್ರಾ, ತನ್ನ ಜೀವಕೋಶಗಳೊಳಗೇ ಪಾಚಿಯನ್ನು ಸಾಕಿಕೊಂಡು ಅದರಿಂದ ಊಟ ಪಡೆಯುವ ಜಾಣ.

ಪ್ರಯೋಗದ ವಿಧಾನವನ್ನು ಯಾವ ಕಾಲೇಜು ವಿದ್ಯಾರ್ಥಿಯೂ ಅರ್ಥಮಾಡಿಕೊಳ್ಳಬಹುದು. ಗಣಿಗಿಂತ ಮೇಲ್ಭಾಗದಲ್ಲಿ ಮಗೇಲಾದ ಶುದ್ಧ ನೀರನ್ನು ತುಂಬಿ ತರಬೇಕು. ನಲ್ಲಿಯ ನೀರು ಸಲ್ಲದು, ಭಟ್ಟಿ ಇಳಿಸಿದ ನೀರೂ ಸಲ್ಲದು. ಅದನ್ನು ಹಲವು ಪಾತ್ರೆಗಳಿಗೆ ಹಂಚಿ, ಒಂದರಲ್ಲಿ ಏನೂ ಬೆರೆಸದೆ, ಉಳಿದವುಗಳಲ್ಲಿ ಯುರೇನಿಯಮ್ಮನ್ನು ಏರುವ ಪ್ರಮಾಣದಲ್ಲಿ ಬೆರೆಸಬೇಕು. ಹೈಡ್ರಾಗಳನ್ನು ಎಣಿಸಿ ಬಿಟ್ಟು ನಾಲ್ಕು ದಿನ ಕಾಯಬೇಕು. ಶುದ್ಧ ನೀರಿನಲ್ಲಿ ಹೈಡ್ರಾದ ಮೈಯಿಂದ ಮೊಗ್ಗು ಮೂಡಿ, ಮೊಗ್ಗು ಕಳಚಿ ಹೊಸ ಹೈಡ್ರಾ ಆಗುತ್ತದೆ, ಸಂಖ್ಯೆ ಏರುತ್ತ ಹೋಗುತ್ತದೆ. ಯಾವ ಪಾತ್ರೆಯಲ್ಲಿ ಆ ಏರಿಕೆ ಮೊದಲು ಕುಂಟತೊಡಗುತ್ತದೋ ಅಲ್ಲಿ ಹೈಡ್ರಾ ತನ್ನ ಉತ್ತರ ಹೇಳಿತು ಎಂದು ಲೆಕ್ಕ. ನೀರ್ಚಿಗಟದ ಉತ್ತರ ಮರಿಗಳ ಸಂಖ್ಯೆಯಲ್ಲಿ, ಬಸವನಹುಳುವಿನದು ಮೊಟ್ಟೆಗಳ ಸಂಖ್ಯೆಯಲ್ಲಿ, ಲೆಮ್ನಾದ್ದು ಎಲೆಗಳ ಲೆಕ್ಕದಲ್ಲಿ. ಸಾಯುವುದನ್ನೇ ಕಾಯುತ್ತ ಕೂರುವ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು. ಸಾಯದೆಯೂ ಮಕ್ಕಳಾಗದ ಜೀವಿ ಹಳ್ಳದಿಂದ ಮಾಯವಾಗಲು ಹೆಚ್ಚು ಕಾಲ ಬೇಕಿಲ್ಲ.

ಇಲ್ಲೊಂದು ಮಾತು. ಯುರೇನಿಯಂ ಎಂದ ಕೂಡಲೇ ಎಲ್ಲರೂ ವಿಕಿರಣವನ್ನು ನೆನೆಯುತ್ತಾರೆ. ನಿಸರ್ಗದಲ್ಲಿ ಸಿಗುವ ಯುರೇನಿಯಮ್ಮಿನ ಬಹುಪಾಲಿಗೆ ಅರ್ಧಾಯುಷ್ಯ ಸುಮಾರು 450 ಕೋಟಿ ವರ್ಷ. ಅಷ್ಟು ನಿಧಾನವಾಗಿ ಕ್ಷಯಿಸುವ ವಸ್ತು ಹೈಡ್ರಾವನ್ನು ಕಾಡುವುದು ಕಿರಣಗಳಿಂದಲ್ಲ, ಸೀಸ ಕ್ಯಾಡ್ಮಿಯಮ್ಮುಗಳಂತೆ ಒಂದು ವಿಷಲೋಹವಾಗಿ. ವಿಕಿರಣದ ಚಿಂತೆ ಅದರ ಸಂತತಿಯಾದ ರೇಡಿಯಮ್ಮಿನದು. ಅದು ಮುಂದೆ ಬರುತ್ತದೆ.

ಹೀಗೆ ಪ್ರತಿ ಜೀವಿಯಿಂದ ಒಂದು ಅಂಕಿ ಸಿಕ್ಕಿತು. ಆದರೆ ಮಗೇಲಾದಲ್ಲಿ ಇರುವುದು ಐದಾರು ಜೀವಿಗಳಲ್ಲ, ನೂರಾರು. ಉಳಿದವನ್ನು ಯಾರು ಕೇಳುವುದು? ನೂರು ಮಕ್ಕಳ ಶಾಲೆಯಲ್ಲಿ ಐವರ ಎತ್ತರ ಮಾತ್ರ ಹೇಳಿ, ಅತಿ ಗಿಡ್ಡ ಮಗುವಿನ ಎತ್ತರ ಅಂದಾಜು ಮಾಡಿ ಎಂದರೆ ಗಣಿತದ ಮೇಷ್ಟರು ಏನು ಮಾಡಿಯಾರು? ಐದು ಚುಕ್ಕಿಗಳನ್ನು ಗ್ರಾಫ್ ಹಾಳೆಯ ಮೇಲಿಟ್ಟು, ಎತ್ತರಗಳು ಸಾಮಾನ್ಯವಾಗಿ ಹೇಗೆ ಹಂಚಿಕೊಂಡಿರುತ್ತವೆ ಎಂಬುದನ್ನು ನೆನೆದು, ಚುಕ್ಕಿಗಳ ನಡುವೆ ಒಂದು ವಕ್ರರೇಖೆ ಎಳೆದು ಅದರ ಬಾಲವನ್ನು ಮುಂದುವರಿಸುತ್ತಾರೆ. ವಿಜ್ಞಾನಿಗಳು ಮಾಡಿದ್ದೂ ಅದನ್ನೇ. ನೂರರಲ್ಲಿ 99 ಬಗೆಯ ಜೀವಿಗಳಿಗೆ ತೊಂದರೆಯಾಗದ ಪ್ರಮಾಣ ಯಾವುದೆಂದು ರೇಖೆಯ ಬಾಲದಲ್ಲಿ ಹುಡುಕಿದರು. 2000ದ ದಶಕದ ಮೊದಲ ವರ್ಷಗಳಲ್ಲಿ, ಐದು ಸ್ಥಳೀಯ ಜೀವಿಗಳ ಉತ್ತರದಿಂದ ಲೀಟರಿಗೆ 6 ಮೈಕ್ರೋಗ್ರಾಂ ಎಂಬ ಅಂಕಿ ಮಗೇಲಾಕ್ಕೆ ಗಡಿಯಾಯಿತು.

ಹೈಡ್ರಾ ಎಷ್ಟು ತಡೆಯುತ್ತದೆ ಎಂಬುದು ವಿಜ್ಞಾನ. ರೇಖೆ ಎಳೆಯುವುದೂ ವಿಜ್ಞಾನವೇ. ಆದರೆ 99 ಎಂಬುದು ವಿಜ್ಞಾನವಲ್ಲ, ಅದು ತೀರ್ಮಾನ. ಆಸ್ಟ್ರೇಲಿಯದ 2000ನೆಯ ವರ್ಷದ ನೀರಿನ ಮಾರ್ಗಸೂಚಿಯಲ್ಲೇ 99, 95, 90, 80 ಎಂದು ನಾಲ್ಕು ಮೆಟ್ಟಿಲುಗಳಿವೆ. ಊರ ನಡುವಿನ ಕೆಟ್ಟುಹೋದ ಕಾಲುವೆಗೆ 80 ಸಾಕೆನ್ನಬಹುದು, ವಿಶ್ವ ಪರಂಪರೆಯ ಹಳ್ಳಕ್ಕೆ 99 ಬೇಕೆನ್ನಬಹುದು. ಯಾವ ಪ್ರಯೋಗಾಲಯವೂ ಈ ಮೆಟ್ಟಿಲನ್ನು ಆರಿಸಿಕೊಡುವುದಿಲ್ಲ. ಅಷ್ಟೇ ಅಲ್ಲ, 99ರಿಂದಾಚೆಗಿನ ಆ ಒಂದು ಯಾವುದು ಎಂದೂ ರೇಖೆ ಹೇಳುವುದಿಲ್ಲ. ಅದು ಯಾರೂ ಹೆಸರಿಡದ ಹುಳುವಾಗಿರಬಹುದು, ಅಥವಾ ಮಿರಾರ್ ಮಕ್ಕಳು ಗಾಳ ಹಾಕಿ ಹಿಡಿಯುವ ಮೀನಿನ ಆಹಾರವಾಗಿರಬಹುದು.

ಇನ್ನೊಂದು ತೊಡಕೂ ಇತ್ತು. ಅದೇ ಮಾರ್ಗಸೂಚಿಯಲ್ಲಿ ಇಡೀ ದೇಶಕ್ಕೆಂದು ಯುರೇನಿಯಮ್ಮಿಗೆ ಕೊಟ್ಟಿದ್ದ ಅಂಕಿ 0.5 ಮೈಕ್ರೋಗ್ರಾಂ. ‘ವಿಶ್ವಾಸಾರ್ಹತೆ ಕಡಿಮೆ’ ಎಂಬ ಟಿಪ್ಪಣಿಯೂ ಜೊತೆಗಿತ್ತು, ಏಕೆಂದರೆ ಅದು ಸಿಕ್ಕಷ್ಟು ಮಾಹಿತಿಯಿಂದ ಎಚ್ಚರಿಕೆಗಾಗಿ ತೀರ ಕೆಳಗಿಟ್ಟ ಅಂಕಿ. ಸ್ಥಳೀಯ ಪರೀಕ್ಷೆ ಮಾಡಿದಾಗ 6 ಬಂತು, ಅಂದರೆ ಹನ್ನೆರಡು ಪಟ್ಟು ಸಡಿಲ. ‘ಇಲ್ಲಿನ ಪರಿಸ್ಥಿತಿಯೇ ಬೇರೆ’ ಎಂಬ ಮಾತನ್ನು ಗಣಿಯವರು ಯಾವ ದೇಶದಲ್ಲಾದರೂ ಬಲು ಪ್ರೀತಿಯಿಂದ ಆಡುತ್ತಾರೆ. ಸಂಶಯ ಪಡುವವರನ್ನು ತಪ್ಪೆನ್ನಲಾಗದು. ಸ್ಥಳೀಯ ಅಳತೆ ಎಂಬುದು ಹಳ್ಳಕ್ಕೆ ನ್ಯಾಯ ಕೊಡುವ ದಾರಿಯೂ ಹೌದು, ಬಿಗಿ ನಿಯಮದಿಂದ ನುಣುಚಿಕೊಳ್ಳುವ ಕಿಂಡಿಯೂ ಹೌದು. ಎರಡರಲ್ಲಿ ಯಾವುದು ಎಂದು ತಿಳಿಯಬೇಕಾದರೆ ಪರೀಕ್ಷೆ ಮಾಡಿದವರು ಯಾರು, ಅದನ್ನು ಬಯಲಿಗಿಟ್ಟರೇ, ಹೊಸ ಸಂಗತಿ ಬಂದಾಗ ಅಂಕಿಯನ್ನು ತಿದ್ದಿದರೇ ಎಂದು ನೋಡಬೇಕು.

ಮಗೇಲಾದಲ್ಲಿ ತಿದ್ದಿದರು. ಮುಂದಿನ ವರ್ಷಗಳಲ್ಲಿ ಹೆಚ್ಚು ಜೀವಿಗಳ ಪರೀಕ್ಷೆಗಳಾದವು. ಎಲೆ, ಬೇರು ಕೊಳೆತು ನೀರಿಗೆ ಚಹಾದ ಬಣ್ಣ ಕೊಡುವ ಸಾವಯವ ಇಂಗಾಲ ಯುರೇನಿಯಮ್ಮನ್ನು ಕಟ್ಟಿಹಾಕಿ ಅದರ ವಿಷವನ್ನು ತಗ್ಗಿಸುತ್ತದೆ ಎಂಬುದು ಅಂಕಿಅಂಶಗಳ ಸಮೇತ ತಿಳಿಯಿತು. ಎಲೆ ಬಣ್ಣ ಕಡಿಮೆಯಿರುವ ತಿಳಿ ನೀರಿನಲ್ಲಿ ವಿಷ ಹೆಚ್ಚು. ಇವನ್ನೆಲ್ಲ ಸೇರಿಸಿ ಹೊಸ ರೇಖೆ ಎಳೆದಾಗ 6 ಇದ್ದದ್ದು 2.8 ಮೈಕ್ರೋಗ್ರಾಮಿಗೆ ಇಳಿಯಿತು, ಅರ್ಧಕ್ಕಿಂತಲೂ ಕಡಿಮೆ. ಮನೆಯ ಹತ್ತು ಸಾವಿರ ಲೀಟರಿನ ಸಂಪಿನಲ್ಲಿ 28 ಮಿಲಿಗ್ರಾಂ ಕರಗಿದರೆ ಎಷ್ಟೋ ಅಷ್ಟು, ಒಂದು ಚಿಟಿಕೆಯೂ ಅಲ್ಲ.

ಈ ಅಂಕಿಯ ಪಕ್ಕದಲ್ಲಿ ಮನುಷ್ಯರ ಕುಡಿಯುವ ನೀರಿನ ಅಂಕಿಯನ್ನು ಇಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಯುರೇನಿಯಮ್ಮಿಗೆ ಹೇಳಿದ್ದು 2 ಮೈಕ್ರೋಗ್ರಾಂ. 2004ರಲ್ಲಿ ಅದು 15 ಆಯಿತು, 2011ರಲ್ಲಿ 30. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿದ ಮಿತಿ 60. ಮನುಷ್ಯನ ಅಂಕಿ ಮೇಲೇರುತ್ತ ಹೋದ ಕಾಲದಲ್ಲೇ ಹೈಡ್ರಾದ ಅಂಕಿ ಕೆಳಗಿಳಿಯಿತು. ಎರಡರಲ್ಲಿ ಒಂದು ಸುಳ್ಳಾಗಬೇಕಿಲ್ಲ. ಮನುಷ್ಯ ದಿನಕ್ಕೆ ಎರಡು ಲೀಟರ್ ಕುಡಿದು, ಹೆಚ್ಚಿನದನ್ನು ಹೊರಹಾಕುತ್ತಾನೆ. ಹೈಡ್ರಾ ಇಪ್ಪತ್ತನಾಲ್ಕು ಗಂಟೆಯೂ ಆ ನೀರಿನೊಳಗೇ ಇರುತ್ತದೆ. ಅದರ ಮೈಯೇ ಅದರ ಕಿವಿರು, ಅದರ ಚರ್ಮವೇ ಬಾಯಿ. ‘ನೀರು ಕುಡಿಯಲು ಯೋಗ್ಯ’ ಎಂಬ ಪ್ರಮಾಣಪತ್ರವನ್ನು ಹಳ್ಳದ ಆರೋಗ್ಯಪತ್ರ ಎಂದು ಓದಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ಒಂದೇ ಒಂದು ಜೀವಿಯ ಅಭಿಪ್ರಾಯ.

ಮೆಗ್ನೀಸಿಯಮ್ಮಿನ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ರೇಂಜರಿನ ಬಂಡೆ ಗುಡ್ಡಗಳಿಂದ ಯುರೇನಿಯಮ್ಮಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಇಳಿದದ್ದು ಮೆಗ್ನೀಸಿಯಂ ಸಲ್ಫೇಟ್. ಹಳಬರಿಗೆ ಇದು ಭೇದಿಯ ಉಪ್ಪು, ಕಾಲು ಉಳುಕಿದರೆ ಬಿಸಿನೀರಿಗೆ ಹಾಕುವ ಎಪ್ಸಮ್ ಸಾಲ್ಟ್. ಯಾರೂ ಇದನ್ನು ವಿಷವೆಂದು ಎಣಿಸಿದ್ದಿಲ್ಲ. ನಮ್ಮ ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಮೆಗ್ನೀಸಿಯಂ ಲೀಟರಿಗೆ 30 ಮಿಲಿಗ್ರಾಂ ಒಪ್ಪಿತ, ಬೇರೆ ನೀರು ಸಿಗದಿದ್ದರೆ 100ರವರೆಗೂ ಆಗಬಹುದು. ಮಗೇಲಾದ ನೀರಿನಲ್ಲಿ ಇದನ್ನು ಬೆರೆಸಿ ನೋಡಿದರೆ ಬಸವನಹುಳು, ಹೈಡ್ರಾ, ಲೆಮ್ನಾ ಮೂರೂ ಕೆಲವೇ ಮಿಲಿಗ್ರಾಮಿಗೆ ಸೊರಗಿದವು. ದೋಷಿ ಸಲ್ಫೇಟ್ ಅಲ್ಲ, ಮೆಗ್ನೀಸಿಯಂ ಎಂದು ಗೊತ್ತಾಯಿತು. ಮತ್ತೆ ಅದೇ ಬಸ್ಸಿನ ಕಥೆ. ಕ್ಯಾಲ್ಸಿಯಂ ಜೊತೆಗಿದ್ದರೆ ಮೆಗ್ನೀಸಿಯಂ ಸಜ್ಜನ. ಮೆಗ್ನೀಸಿಯಂ ಒಂಬತ್ತು ಪಾಲಿದ್ದಾಗ ಕ್ಯಾಲ್ಸಿಯಂ ಕನಿಷ್ಠ ಒಂದು ಪಾಲಾದರೂ ಇದ್ದರೆ ತಡೆದುಕೊಳ್ಳಬಹುದು. ಅದಕ್ಕೂ ಕಡಿಮೆಯಾದರೆ ಹಾನಿ. ಕೊನೆಗೆ ಗೊತ್ತುಮಾಡಿದ ಅಂಕಿ ಲೀಟರಿಗೆ ಸುಮಾರು 3 ಮಿಲಿಗ್ರಾಂ. ಬೆಂಗಳೂರಿನ ಅಂಗಡಿಯಲ್ಲಿ ‘ಮಿನರಲ್’ ಎಂದು ಹಣ ಕೊಟ್ಟು ಕೊಳ್ಳುವ ಗುಣವೇ ಮಗೇಲಾಕ್ಕೆ ಹೊರೆ.

ಮಳೆಗಾಲದಲ್ಲಿ ಗಂಟೆಗಂಟೆಗೂ ಮೆಗ್ನೀಸಿಯಂ ಅಳೆಯುವುದು ಕಷ್ಟ. ವಿದ್ಯುತ್ ವಾಹಕತೆಯನ್ನು ಮಾತ್ರ ಹಳ್ಳದಲ್ಲಿ ಮುಳುಗಿಸಿಟ್ಟ ಉಪಕರಣವೇ ಅಳೆದು ಬರೆಯುತ್ತದೆ. ಮಗೇಲಾದ ಸಹಜ ವಾಹಕತೆ ಸೆಂಟಿಮೀಟರಿಗೆ 10ರಿಂದ 20 ಮೈಕ್ರೋಸೀಮನ್ಸ್. ಅದು 42ಕ್ಕೆ ಏರಿದರೆ ಮೆಗ್ನೀಸಿಯಂ ಮೂರನ್ನು ಮುಟ್ಟಿತೆಂದು ತಿಳಿಯುವ ಏರ್ಪಾಡಾಯಿತು. ಯುರೇನಿಯಮ್ಮಿಗೂ ಗಡಿಯೊಂದನ್ನೇ ಇಡಲಿಲ್ಲ. 6 ಗಡಿಯಾಗಿದ್ದ ಕಾಲದಲ್ಲಿ 0.3ಕ್ಕೆ ಎಚ್ಚರ, 0.9ಕ್ಕೆ ಕಾರಣ ಹುಡುಕಿ ಕ್ರಮ ಕೈಗೊಳ್ಳುವುದು ಎಂದು ಕೆಳಗೆ ಎರಡು ಮೆಟ್ಟಿಲುಗಳಿದ್ದವು. ಗಡಿ ಎಂದರೆ ಅಲ್ಲಿಯವರೆಗೆ ತುಂಬಿಸಲು ಪರವಾನಗಿ ಎಂದು ಓದುವವರಿಗೆ ಇದು ಬಾಗಿಲು. ಹಳ್ಳದಲ್ಲಿ ಅಳೆದ ಯುರೇನಿಯಂ ಗಡಿಯ ಬಹಳ ಕೆಳಗೇ ಉಳಿಯಿತು.

ಪ್ರಯೋಗಾಲಯದ ಪಾತ್ರೆಯನ್ನು ಪೂರ್ತಿ ನಂಬಬಾರದೆಂದು ವಿಜ್ಞಾನಿಗಳು ಹಳ್ಳಕ್ಕೇ ಇಳಿದರು. ಗಣಿಯ ಮೇಲ್ಭಾಗದಲ್ಲೊಂದು, ಕೆಳಭಾಗದಲ್ಲೊಂದು ತೇಲುವ ಪೆಟ್ಟಿಗೆ, ಒಳಗೆ ಬಸವನಹುಳುಗಳು. ನಾಲ್ಕು ದಿನ ಬಿಟ್ಟು ಎರಡೂ ಕಡೆಯ ಮೊಟ್ಟೆ ಎಣಿಸಿ ತಾಳೆ ನೋಡುವುದು. ಮಳೆಯಲ್ಲಿ, ಮೊಸಳೆಗಳಿರುವ ನೀರಿನಲ್ಲಿ, ಬಸವನಹುಳುವಿನ ಮೊಟ್ಟೆ ಎಣಿಸುವ ಕೆಲಸಕ್ಕೆ ಸರಕಾರ ಸಂಬಳ ಕೊಟ್ಟದ್ದನ್ನು ಕೇಳಿ ನಗುವವರು ನಗಲಿ. ಎರಡು ಕಡೆಯ ಹೋಲಿಕೆ ಎಷ್ಟು ಮುಖ್ಯ ಎಂಬುದು ಕಪ್ಪೆಚಿಪ್ಪಿನ ವಿಷಯದಲ್ಲಿ ತಿಳಿಯಿತು. ಗಣಿಯ ಕೆಳಗಡೆ ಮಡ್ಜಿನ್‌ಬೆರಿ ಎಂಬ ಮಡುವಿದೆ. ಪಕ್ಕದಲ್ಲಿ ಮೂಲನಿವಾಸಿಗಳ ವಸತಿ, ಅವರು ಆ ಮಡುವಿನ ಮೀನನ್ನೂ ಕಪ್ಪೆಚಿಪ್ಪನ್ನೂ ತಿನ್ನುವವರು. ಅಲ್ಲಿನ ಕಪ್ಪೆಚಿಪ್ಪುಗಳಲ್ಲಿ ರೇಡಿಯಂ ಇನ್ನೊಂದು ಹಳ್ಳದ ಮಡುವಿನವಕ್ಕಿಂತ ಹೆಚ್ಚು ಕಂಡಿತು. ಗಣಿಯದೇ ಕೆಲಸ ಎಂದು ಯಾರಿಗಾದರೂ ಅನಿಸುವಂಥದು. ಹಳ್ಳದುದ್ದಕ್ಕೂ ಹುಡುಕಿದಾಗ ಕಾರಣ ಆ ನೆಲದ ಬಂಡೆ ಮತ್ತು ಕ್ಯಾಲ್ಸಿಯಮ್ಮಿನ ಅಭಾವ ಎಂದು ತೋರಿತು. ಚಿಪ್ಪು ಕಟ್ಟಲು ಸುಣ್ಣ ಸಿಗದ ಪ್ರಾಣಿ, ಅದೇ ಗುಂಪಿನ ರೇಡಿಯಮ್ಮನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೈಗೆ ಸೇರಿಸಿಕೊಳ್ಳುತ್ತದೆ. ಆವರ್ತ ಕೋಷ್ಟಕದ ಎರಡನೆಯ ಗುಂಪನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ಇದನ್ನು ಹೇಳಬೇಕು. ಗಣಿ ನಿರಪರಾಧಿ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಗಣಿಯದು ಎಷ್ಟು, ನೆಲದ್ದು ಎಷ್ಟು ಎಂದು ಬೇರ್ಪಡಿಸದೆ ಆರೋಪವೂ ನಿಲ್ಲುವುದಿಲ್ಲ, ಸಮಾಧಾನವೂ ನಿಲ್ಲುವುದಿಲ್ಲ.

2012ರಲ್ಲಿ ರೇಂಜರಿನಲ್ಲಿ ಅಗೆತ ನಿಂತಿತು. ಕೂಡಿಟ್ಟ ಅದಿರಿನ ಸಂಸ್ಕರಣೆ 2021ರ ಜನವರಿ 8ರಂದು ಮುಗಿಯಿತು. ನಲವತ್ತು ವರ್ಷಗಳಲ್ಲಿ 1 ಲಕ್ಷ 30 ಸಾವಿರ ಟನ್ನಿಗಿಂತ ಹೆಚ್ಚು ಯುರೇನಿಯಂ ಆಕ್ಸೈಡ್ ಅಲ್ಲಿಂದ ಹೊರಟಿತು. ಈಗ ನಡೆಯಬೇಕಾದದ್ದು ರಾಡಿಯನ್ನು ಗುಂಡಿಗೆ ತುಂಬಿ, ಬಂಡೆ ಮುಚ್ಚಿ, ಕಾಡು ಬೆಳೆಸುವ ಕೆಲಸ. 2026ರ ಜನವರಿಗೆ ಮುಗಿಯಬೇಕೆಂದಿದ್ದ ಈ ಕೆಲಸ ಆ ಹೊತ್ತಿಗೆ ಮುಗಿಯದೆಂದು ಗೊತ್ತಾಗಿ 2022ರಲ್ಲಿ ಕಾನೂನನ್ನೇ ತಿದ್ದಿ ಅವಧಿ ಹಿಗ್ಗಿಸಲು ದಾರಿ ಮಾಡಿದರು. ಗಣಿ ನಡೆಯುವಾಗ ಹಾಕಿದ ಅಂಕಿಗಳಿಗೆ ಈಗ ಬೇರೆಯೇ ತೂಕ ಬಂದಿದೆ. ಗಣಿ ನಡೆಯುತ್ತಿದ್ದರೆ ತೂಬು ಮುಚ್ಚಲು ಆಳುಗಳಿರುತ್ತಾರೆ. ಮುಚ್ಚಿದ ಮೇಲೆ ನೆಲದಡಿ ಜಿನುಗುವ ನೀರಿಗೆ ತೂಬಿಲ್ಲ.

ರಾಡಿ ಕನಿಷ್ಠ 10,000 ವರ್ಷ ಹೊರಬರದಂತೆ ಇರಬೇಕೆಂಬುದು ರೇಂಜರಿಗೆ ಹಾಕಿದ ಷರತ್ತು. ಕನ್ನಡದ ಹಲ್ಮಿಡಿ ಶಾಸನಕ್ಕೆ ಸುಮಾರು ಒಂದೂವರೆ ಸಾವಿರ ವರ್ಷ. ಅದನ್ನು ಓದುವುದಕ್ಕೇ ಈಗ ಪಂಡಿತರು ಬೇಕು. ಮಿರಾರ್ ಜನಕ್ಕೆ ಮಾತ್ರ ಹತ್ತು ಸಾವಿರ ವರ್ಷ ಅಂಥ ದೂರದ ಮಾತಲ್ಲ. ಅವರ ನೆಲದ ಮಜೆಡ್‌ಬೆಬೆ ಎಂಬ ಬಂಡೆಯಾಸರೆಯಲ್ಲಿ ಮನುಷ್ಯರು ಬಾಳಿದ ಗುರುತುಗಳಿಗೆ ಸುಮಾರು 65,000 ವರ್ಷ ಎಂದು 2017ರಲ್ಲಿ ಪ್ರಕಟವಾದ ಕಾಲನಿರ್ಣಯ ಹೇಳುತ್ತದೆ. ಗುಡ್ಡದಿಂದ ಇಳಿದ ಮೆಗ್ನೀಸಿಯಂ ಅಂತರ್ಜಲದ ದಾರಿ ಹಿಡಿದು ಮಗೇಲಾಕ್ಕೆ ಸೇರಲು ಅವಸರವೇನೂ ಇಲ್ಲ. ಅದು ತಲುಪುವ ದಿನ ಮಡ್ಜಿನ್‌ಬೆರಿಯಲ್ಲಿ ಮೊಣಕಾಲುದ್ದದ ನೀರಿಗಿಳಿದು ಕಾಲಿನಿಂದ ತಡಕಾಡಿ ಕಪ್ಪೆಚಿಪ್ಪು ಹೆಕ್ಕುವವರು ಯಾರೋ ಇರುತ್ತಾರೆ.